ಕನ್ಯಾಮಠದ ಬೀರು

ಮುನಿಶಾಮಮ್ಮ ನಾಲ್ಕನೆಯ ಗಂಟನ್ನೂ ಬಿಚ್ಚಿ, ಒಳಗಿನ ಸೀರೆಯನ್ನು ಮೂಗಿಗೆ ಹಿಡಿದಳು.

"ಇದೂ ನಿಂದಲ್ಲ ಕಣೇ. ಹುಳದ ಮನೆ ವಾಸ್ನೆ ಇಲ್ಲ."

"ನಾಲ್ಕು ವರ್ಷ ಆಯ್ತಮ್ಮ. ಇನ್ನೂ ಇರುತ್ತಾ?"

"ರೇಷ್ಮೆ ಹುಳ ಸಾಕೋರ ಸೀರೆ ಸುಟ್ರೂ ವಾಸ್ನೆ ಹೋಗಲ್ಲ. ಎಲ್ಲಿಟ್ರು ಅಂತ ಕೇಳೇ."

ಲಕ್ಷ್ಮಿದೇವಮ್ಮ ಬೀರುವಿನ ಮೂಲೆಗೆ ಕೈ ಹಾಕಿ ತಡಕಿದಳು. ಚಿಕ್ಕಬಳ್ಳಾಪುರದ ಈ ಕನ್ಯಾಮಠಕ್ಕೆ ಸೇರುವವಳು ಉಟ್ಟು ಬಂದ ಸೀರೆಯನ್ನು ಗಂಟು ಕಟ್ಟಿ ಇಲ್ಲಿಡಬೇಕು. ವ್ರತ ಒಂದು ವರ್ಷದ್ದು. ವರ್ಷ ತುಂಬಿದ ದಿನ ಗಂಟನ್ನು ಅವಳ ಮುಂದಿಡುತ್ತಾರೆ. ಉಟ್ಟುಕೊಂಡು ಹೊರಟರೆ ಯಾರೂ ತಡೆಯುವಂತಿಲ್ಲ. ಲಕ್ಷ್ಮಿದೇವಮ್ಮ ಮೂರು ಸಲವೂ ಬಿಚ್ಚದೆ ವಾಪಸಿಟ್ಟಿದ್ದಳು. ಮೂರು ಸಲವೂ ಅಮ್ಮ ಮುನಿಶಾಮಮ್ಮ ಜಂಗಮಕೋಟೆಯಿಂದ ಬಸ್ಸು ಹಿಡಿದು ಬಂದು, ಕಾದು, ಬೈದು ಹೋಗಿದ್ದಳು.

ಇವತ್ತು ನಾಲ್ಕನೆಯ ವರ್ಷ ತುಂಬಿದರೂ ಗಂಟನ್ನು ಯಾರೂ ತಂದಿಟ್ಟಿರಲಿಲ್ಲ. ಸಿಕ್ಕರೆ ಇವತ್ತೂ ವಾಪಸಿಡುವ ಮನಸ್ಸೇ ಅವಳಿಗಿತ್ತು. ಸಂಜೆ ಎರಡು ಸಾಲಾಗಿ ಎದುರುಬದುರು ನಿಂತು ಹಾಡುವ ಪ್ರಾರ್ಥನೆ ಅವಳಿಗೆ ಇಷ್ಟ. ಹೊಲಿಗೆ ಕೋಣೆಯಲ್ಲಿ ಮದರ್ ಕ್ಲಾರಾ ಹೇಳುತ್ತಿದ್ದ ಹಳೆಯ ಕಾಲದ ಯೂರೋಪಿನ ಹೆಂಗಸರೂ ಇಷ್ಟ: ಹೀಗೇ ಹಾಡುತ್ತಿದ್ದರಂತೆ, ತಮ್ಮ ಮನೆ ಜಮೀನು ತಾವೇ ಇಟ್ಟುಕೊಂಡಿದ್ದರಂತೆ, ಬೇಕೆಂದಾಗ ಹೊರಟು ಮದುವೆಯಾಗುತ್ತಿದ್ದರಂತೆ. ಗಂಡನೂ ಇಲ್ಲದ, ಕೊನೆತನಕದ ವ್ರತವೂ ಇಲ್ಲದ ಹೆಂಗಸರು ಒಳಗೇನು ಮಾಡುತ್ತಾರೆಂದು ಬಿಷಪ್ಪರಿಗೆ ಅನುಮಾನ ಬಂದು, ಎಷ್ಟೋ ಮನೆಗಳಿಗೆ ಬೀಗ ಬಿತ್ತಂತೆ.

"ಹುಡುಕಬೇಡಿ." ಬಾಗಿಲಲ್ಲಿ ಮದರ್ ಕ್ಲಾರಾ ನಿಂತಿದ್ದರು. ಕೈಯಲ್ಲಿ ಪುಟ್ಟ ಡಬ್ಬಿ. "ಅವೆಲ್ಲ ಹೊಸಬರ ಗಂಟುಗಳು. ಮೂರು ವರ್ಷ ದಾಟಿದವರದನ್ನು ಬಡವರಿಗೆ ಹಂಚಿದೆವು. ಮೇಲಿನಿಂದ ಪತ್ರ ಬಂದಿದೆ. ಅಂಥವರಿಗೆ ಇನ್ನು ಜೀವಮಾನದ ವ್ರತ."

"ನೋಡ್ದ್ಯೇನೇ?" ಎಂದಳು ಮುನಿಶಾಮಮ್ಮ.

"ನೀನು ಸುಮ್ನಿರಮ್ಮ." ಲಕ್ಷ್ಮಿದೇವಮ್ಮ ತಿರುಗಿದಳು. "ನನ್ನ ಕೇಳದೆ ಕೊಟ್ಟಿರಾ, ಮದರ್?"

"ನೀನು ಉಳಿಯುವವಳೆಂದು ನಮಗೆ ಗೊತ್ತಿತ್ತಲ್ಲ. ಉಳಿಯುವವಳಿಗೆ ಗಂಟು ಯಾಕೆ?"

"ಆ ಯೂರೋಪಿನ ಹೆಂಗಸರ ಮನೆಗಳಿಗೆ ಬೀಗ ಬಿತ್ತು ಅಂದ್ರಿ. ಬೀಗ ಹಾಕೋಕೆ ಮುಂಚೆ ಅವರ ಬಟ್ಟೆ ಯಾರು ತೆಗೆದ್ರು?"

ಮದರ್ ಡಬ್ಬಿ ತೆರೆದು, ಜೀವಮಾನದ ವ್ರತದ ಬೆಳ್ಳಿಯುಂಗುರವನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದರು. "ನಿನ್ನ ಅಳತೆಗೇ ಮಾಡಿಸಿದ್ದು, ಮಗಳೇ. ತಗೋ."

ಅಳತೆ ಯಾವಾಗ ತೆಗೆದರೆಂದು ಅವಳಿಗೆ ನೆನಪಾಗಲಿಲ್ಲ.

"ಬೇಡ," ಎಂದಳು.