ಪುಡಿ ಖಾಲಿ

"ಎಲ್ಲಿಟ್ಟಿದ್ದೀರಿ? ತೆಗೀರಿ ಆಚೆ!"

ಬಸ್ ಡ್ರೈವರ್ ಬಾಗಿಲನ್ನು ಒದ್ದುಕೊಂಡೇ ಒಳನುಗ್ಗಿದ. ಅವನ ಹಿಂದೆ ಬಿಲ್ಡಿಂಗಿನ ಸೆಕ್ರೆಟರಿ, ಅವನ ಹಿಂದೆ ಮೆಟ್ಟಿಲ ತುಂಬ ಜನ.

ಹಳೆಯ ಜನರೇಟರ್ ಕೋಣೆ ಅದು. ಗೋಡೆಗೆ ಹತ್ತಿದ ಡೀಸೆಲ್ ವಾಸನೆ ಇನ್ನೂ ಹೋಗಿರಲಿಲ್ಲ. ಸಂಜೆಯಾದರೆ ಹುಡುಗರು ನಶೆಯ ಮಾಲು ಮಾರುವವರ ಕೈಗೆ ಬೀಳುತ್ತಾರೆಂದು ಎರಡನೇ ಮಹಡಿಯ ನರ್ಸ್ ಹಠ ಹಿಡಿದು ಅಲ್ಲಿ ಕೇರಂ ಬೋರ್ಡು ಹಾಕಿಸಿದ್ದಳು. ಸೆಕ್ರೆಟರಿಗೆ ಅಲ್ಲಿ ಕಾರು ನಿಲ್ಲಿಸಬೇಕಿತ್ತು.

ಡ್ರೈವರ್ ಮೊಬೈಲನ್ನು ಮಗನ ಮೂಗಿಗೆ ಹಿಡಿದ. ಮಗ ಮನೆಯಲ್ಲೇ ಮರೆತು ಬಂದದ್ದು.

"ಈ ಮೆಸೇಜು ಓದೋ. ಎಲ್ಲರಿಗೂ ಕೇಳ್ಲಿ."

"ಪುಡಿ ಖಾಲಿ. ಯಾರಾದ್ರೂ ತನ್ನಿ. ಇಲ್ದಿದ್ರೆ ಮಜಾನೇ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಡ್ರೈವರ್ ಮಗನ ಕೆನ್ನೆಗೆ ಬಾರಿಸಿದ.

"ಅಣ್ಣಾ, ತಲೆ ಕೆಟ್ಟಿದೆಯಾ ನಿಮಗೆ?" ಹುಡುಗರ ನಡುವೆ ನಿಂತಿದ್ದ ನರ್ಸ್ ಡಬ್ಬಿ ತೆಗೆದು ಬೋರ್ಡಿನ ಮೇಲೆ ಸುರಿದಳು. "ಕೇರಂ ಪುಡಿ ಇದು! ಈಗಷ್ಟೇ ನಾನೇ ತಂದಿದ್ದು. ನೆಕ್ಕಿ ನೋಡ್ತೀರಾ?"

ಅವಳು ಹೊಡೆದ ಕಾಯಿ ಸರ್ರನೆ ಜಾರಿತು.

ಡಿಪೋದಲ್ಲಿ ದಿನಾ ಕೇರಂ ಆಡುವವನು ಡ್ರೈವರ್. ಪುಡಿ ಮುಗಿದರೆ ಮೆಕ್ಯಾನಿಕ್ಕುಗಳಿಗೆ ಬೈಯುವವನೂ ಅವನೇ. ಮಗನ ಮೊಬೈಲಿನಲ್ಲಿ ಆ ಪದ ಕಂಡಾಗ ಮಾತ್ರ ಕೇರಂ ನೆನಪಾಗಲಿಲ್ಲ.

"ನಂಗೆ ಆಡೋಕೆ ಕಲಿಸಿದ್ದೇ ನೀನಲ್ವೇನಪ್ಪಾ?" ಎಂದ ಮಗ.

ಮೆಟ್ಟಿಲ ಮೇಲೆ ಗುಸುಗುಸು. ಡ್ರೈವರನ ಅಂಗೈ ಇನ್ನೂ ಚುರುಗುಡುತ್ತಿತ್ತು.

"ಬಾಯ್ಮುಚ್ಚು! ಇವತ್ತು ಈ ಪುಡಿ, ನಾಳೆ ಆ ಪುಡಿ. ಬೀಗ ಜಡೀರಿ ಸಾರ್."

ಬೀಗ ಸೆಕ್ರೆಟರಿಯ ಜೇಬಿನಲ್ಲೇ ಇತ್ತು.

"ಸಂಜೆ ಹೊತ್ತು ಇವರನ್ನ ಎಲ್ಲಿಗೆ ಅಟ್ತೀರಿ?" ನರ್ಸ್ ಕೇಳಿದಳು.

"ನನ್ನ ಮಗ ನನ್ನ ಮನೇಲಿರ್ತಾನೆ ಸಿಸ್ಟರ್. ನಿಮ್ಮ ಸೂಜಿ ಆಸ್ಪತ್ರೇಲಿಟ್ಕೊಳ್ಳಿ."

ಮಗ ಅಪ್ಪನ ಮುಖ ನೋಡದೆ ಹೊರಗೆ ಹೋದ.

ಮರುದಿನ ಸಂಜೆ ಬಸ್ಸು ಮುಚ್ಚಿದ ಸಿನಿಮಾ ಮಂದಿರದ ಸ್ಟಾಪಿನಲ್ಲಿ ನಿಂತಿತು. ಅಲ್ಲಿನ ಮೋಟುಗೋಡೆಯ ಹತ್ತಿರ ಏನು ಮಾರುತ್ತಾರೆಂದು ರೂಟಿನ ಡ್ರೈವರುಗಳಿಗೆಲ್ಲ ಗೊತ್ತು. ಇವತ್ತು ಅಲ್ಲಿ ಮಗ ನಿಂತಿದ್ದ, ಜೇಬಿನಲ್ಲಿ ಕೈಯಿಟ್ಟುಕೊಂಡು, ಯಾರ ಗುರುತೂ ಇಲ್ಲದವನ ಹಾಗೆ. ಗೋಡೆಯ ಮೇಲೆ ಕೂತಿದ್ದವನೊಬ್ಬ ಸ್ವಲ್ಪ ಸರಿದು ಜಾಗ ಕೊಟ್ಟ.

ಡ್ರೈವರ್ ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಗೋಡೆಯ ಕಡೆಯಿಂದ ಯಾರೂ ತಿರುಗಲಿಲ್ಲ.

"ರೈಟ್, ರೈಟ್!" ಹಿಂದಿನಿಂದ ಕಂಡಕ್ಟರ್ ಕೂಗಿದ. "ಏನಣ್ಣಾ, ನಿದ್ದೆ ಬಂತಾ?"

ಡ್ರೈವರ್ ಗೇರ್ ಹಾಕಿದ.