ಕೆರೆ ದಂಡೆಗೆ ಟೆಂಟ್ ಹಾಕುವ ಮುಂಚೆ

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ಕಲಬುರಗಿಯ ಅರ್ಧ ಶಹರ ಹೊಲದ ದಾರಿ ಹಿಡಿಯುತ್ತದೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ನೆಂಟರ ಹೊಲಕ್ಕೆ. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಸಂಜೆಗೆ ಮನೆ ಸೇರುವುದು ರೂಢಿ. ಈಗೀಗ ಸಂಜೆಗೆ ಮರಳಲು ಯಾರಿಗೂ ಮನಸ್ಸಿಲ್ಲ. ಕೆರೆ ದಂಡೆಗೋ ಕಾಡಿನ ಅಂಚಿಗೋ ಹೋಗಿ, ಟೆಂಟ್ ಹಾಕಿ, ಒಂದು ರಾತ್ರಿ ಇದ್ದು ಬರಬೇಕೆಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ನಮ್ಮ ಜನ ಬುತ್ತಿಯ ವಿಚಾರ ವಾರ ಮೊದಲೇ ಮಾಡುತ್ತಾರೆ, ನೀರಿನ ವಿಚಾರ ಮಾತ್ರ ಅಲ್ಲಿಗೆ ಹೋದಮೇಲೆ ನೋಡಿದರಾಯಿತು ಎನ್ನುತ್ತಾರೆ.

ಐವಾನ್-ಎ-ಶಾಹಿ ಬಡಾವಣೆಯ ದೇವೀಂದ್ರಪ್ಪನವರ ಮನೆಯಲ್ಲೂ ಹಾಗೇ ನಡೆದಿತ್ತು. ದೇವೀಂದ್ರಪ್ಪ ಬೇಳೆ ವ್ಯಾಪಾರಿ, ಹುಟ್ಟಿದ್ದು ಕಮಲಾಪುರದಲ್ಲಿ. ಮಗಳು ವಿದ್ಯಾವತಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಹಬ್ಬಕ್ಕೆ ಬರುವವಳಿದ್ದಳು. ಕಮಲಾಪುರದಲ್ಲಿ ದೇವೀಂದ್ರಪ್ಪನವರ ತಮ್ಮನ ಹೊಲದಲ್ಲಿ ಚರಗ, ಆಮೇಲೆ ಹೊಲದ ಹಿಂದಿನ ಕೆರೆಯ ದಂಡೆಯಲ್ಲಿ ಟೆಂಟ್ ಎಂದು ಅವರು ಗೊತ್ತು ಮಾಡಿದ್ದರು. ಬಾಡಿಗೆಗೆ ತಂದ ಟೆಂಟುಗಳು ಪಡಸಾಲೆಯಲ್ಲಿ ಬಿದ್ದಿದ್ದವು. ಹೆಂಡತಿ ಶಾರದಾಬಾಯಿ ಶೇಂಗಾ ಹುರಿಯುತ್ತಿದ್ದರು. ಅಷ್ಟೊತ್ತಿಗೆ ಪಕ್ಕದ ಮನೆಯ ಮೃದುಲಾ ಬಂದಳು. ಆಕೆ ಶಾಲೆಯ ಟೀಚರು, ಹುಡುಗಿಯರನ್ನು ಶಿಬಿರಗಳಿಗೆ ಕರೆದುಕೊಂಡು ಹೋಗಿ ಬಂದವಳು.

"ಕಾಕಾ, ಟೆಂಟ್ ನೀರಿಗೆ ಎಷ್ಟು ದೂರ ಹಾಕ್ತೀರಿ?" ಎಂದು ಕೇಳಿದಳು.

"ದೂರ ಯಾಕವ್ವ? ನೀರಿನ ಬಗಲಾಗೇ ಹಾಕ್ತೀನಿ. ಮುಂಜಾನಿ ಎದ್ದು ಮೊಮ್ಮಕ್ಕಳಿಗೆ ಈಜು ಕಲಿಸೋದದ. ಫೋನಿನಾಗ ಮಾತು ಕೊಟ್ಟೀನಿ."

"ಕೆರಿ ಈಗ ಹ್ಯಾಂಗದ, ನೋಡಿ ಬಂದೀರೇನು?"

ದೇವೀಂದ್ರಪ್ಪ ಜೋರಾಗಿ ನಕ್ಕರು. "ಆ ಕೆರಿಯಾಗೇ ನಾ ಈಜು ಕಲ್ತೀನಿ. ಎಲ್ಲಿ ಮೊಣಕಾಲ ಮಟ, ಎಲ್ಲಿ ಎದಿ ಮಟ, ಕಣ್ಣು ಮುಚ್ಚಿ ಹೇಳ್ತೀನಿ. ನನಗ ನೀ ನೀರು ತೋರಿಸ್ತೀ ಏನು?"

"ನೀವು ಕಲ್ತಿದ್ದು ಸಣ್ಣವರಿದ್ದಾಗ, ಕಾಕಾ. ಈಗ ಏನಾಗ್ಯದೋ ಯಾರಿಗೆ ಗೊತ್ತು? ನಾವು ಹುಡುಗಿಯರನ್ನ ಕರಕೊಂಡು ಹೋಗೂ ಮೊದಲ ಜಾಗಾ ನೋಡಿ ಬರ್ತೀವಿ. ಅಲ್ಲಿದ್ದ ಮಂದೀನ ಕೇಳ್ತೀವಿ. ಆ ದಂಡಿ ಕಾಡಿಗೆ ಹತ್ತಿದ್ರ ಅರಣ್ಯ ಇಲಾಖೆಯವರ ಪರವಾನಗಿ ಬೇಕು."

"ನಮ್ಮೂರ ಕೆರಿಗೆ ಹೋಗ್ಲಾಕ ನನಗ ಪರವಾನಗಿನಾ? ಛಲೋ ಆತು ಬಿಡು!"

ಶಾರದಾಬಾಯಿ ಒಲೆ ಆರಿಸಿ ಹೊರಗೆ ಬಂದರು. "ಆಕಿ ಹೇಳೋದ್ರಾಗ ತಪ್ಪೇನದ್ರಿ? ಒಮ್ಮೆ ಹೋಗಿ ನೋಡಿ ಬರೂಣು. ಮಗಳು ನಮ್ಮನ್ನ ನಂಬಿ ಮಕ್ಕಳನ್ನ ಕರಕೊಂಡು ಬರ್ಲಾಕತ್ಯಾಳ." ಹೆಂಡತಿ ಹೀಗೆ ಪಟ್ಟು ಹಿಡಿದರೆ ದೇವೀಂದ್ರಪ್ಪನವರ ಜೋರು ನಡೆಯುತ್ತಿರಲಿಲ್ಲ. ಭಾನುವಾರ ಮೂವರೂ ಕಮಲಾಪುರಕ್ಕೆ ಹೊರಟರು.

ತಮ್ಮನ ಹೊಲದ ಪಕ್ಕದಲ್ಲೇ ನಬಿಸಾಬ್ ಅವರ ಕೆಂಪು ಬಾಳೆಯ ತೋಟ. ನಬಿಸಾಬ್, ಅವರ ತಮ್ಮ ಇಮಾಮುದ್ದೀನ್, ದೇವೀಂದ್ರಪ್ಪ ಮೂವರೂ ಚಿಕ್ಕಂದಿನಲ್ಲಿ ಒಟ್ಟಿಗೆ ಆ ಕೆರೆಯಲ್ಲಿ ಬಿದ್ದು ಎದ್ದವರು. ಶಹರ ಸೇರಿದ ಮೇಲೆ ಭೇಟಿ ಕಡಿಮೆಯಾಗಿತ್ತು. ದೇವೀಂದ್ರಪ್ಪ ಬದುವಿನ ಮೇಲಿಂದಲೇ ಕೂಗಿದರು.

"ನಬಿಸಾಬ್! ಅಮಾಸಿ ಮರುದಿನ ಕೆರಿಗೆ ಇಳೀಲಾಕತ್ತೀವಿ. ಇಮಾಮುದ್ದೀನ್ ಎಲ್ಲಿದ್ದಾನ? ಅಂವಗೂ ಹೇಳು, ಹಿಂದಿನಂಗ ಮೂರೂ ಮಂದಿ ಈಜೂಣು."

ಗೊನೆ ಕಡಿಯುತ್ತಿದ್ದ ನಬಿಸಾಬ್ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟರು.

"ಇಮಾಮುದ್ದೀನ್ ಇಲ್ಲ, ದೇವೀಂದ್ರಣ್ಣ. ಹ್ವಾದ ಮಳಿಗಾಲದಾಗ ಇದೇ ಕೆರಿಯಾಗ ಹೋದ. ನಿಮ್ಮ ತಮ್ಮ ಹೇಳಿರಬೇಕಂತ ನಾ ಸುಮ್ಮನಿದ್ದೆ, ನಿಮಗ ಸುದ್ದಿ ಮುಟ್ಟಿಲ್ಲ ಕಾಣ್ತದ."

ದೇವೀಂದ್ರಪ್ಪನವರ ಮುಖ ಇಳಿದುಹೋಯಿತು. "ಅಂವಗ ನನಗಿಂತ ಛಲೋ ಈಜು ಬರ್ತಿತ್ತಲ್ಲೋ!"

"ಬರ್ತಿತ್ತು. ಬ್ಯಾಸಗಿಯಾಗ ಕೆರಿ ಒಣಗಿದಾಗ ಊರ ಮಂದಿ ಎಲ್ಲಾ ಹೂಳು ತಗದು ಹೊಲಕ್ಕ ಹಾಕ್ಕೊಂಡಿವಿ. ನಾನೂ ಹೇರ್ಕೊಂಡು ಬಂದೆ. ಹೂಳು ಬಿದ್ರ ಬಾಳಿ ಜೋರ ಬರ್ತದ. ಎಲ್ಲಿ ಬೇಕಲ್ಲಿ ಅಗದು ಬಿಟ್ಟಿದ್ವಿ, ಮಳಿ ಬಂದು ಗುಂಡಿ ಎಲ್ಲಾ ನೀರಿನಾಗ ಮುಚ್ಚಿಹೋದ್ವು. ಅಂವ ಎತ್ತಿನ ಮೈ ತೊಳೀಲಾಕ ಹಳೇ ಜಾಗಾದಾಗೇ ಇಳದ. ಎರಡು ಹೆಜ್ಜಿ ಇಟ್ಟಿರಬೇಕು. ತಳಾನೇ ಇಲ್ಲ. ಕೆಳಗಿನ ರಾಡಿ ಕಾಲು ಹಿಡದುಬಿಡ್ತು. ನಾ ದಂಡಿ ಮ್ಯಾಲೆ ಇದ್ದೆ. ಜಿಗೀಲಾಕ ಹೋದೆ, ಮಂದಿ ಹಿಡಕೊಂಡ್ರು. ಒಗೀಲಾಕ ಕೈಯಾಗ ಒಂದು ಹಗ್ಗ ಸುದ್ದಾ ಇರ್ಲಿಲ್ಲ." ಇಷ್ಟು ಹೇಳಿ ನಬಿಸಾಬ್ ತೋಟದ ಕಡೆ ಕೈ ಮಾಡಿದರು. "ಅಲ್ಲಿಯ ಮಣ್ಣು ಇದೇ ಬಾಳಿ ಬುಡದಾಗ ಅದ, ಅಣ್ಣಾ. ದಿನಾ ಅದಕ್ಕೇ ನೀರು ಬಿಡ್ತೀನಿ."

ಶಾರದಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೃದುಲಾ ತಲೆ ತಗ್ಗಿಸಿ ನಿಂತಳು. ಇಂಥ ಹೊತ್ತಿನಲ್ಲಿ ನಾನು ಹೇಳಿರಲಿಲ್ಲವೇ ಎನ್ನುವಷ್ಟು ಸಣ್ಣ ಮನಸ್ಸು ಆಕೆಯದಲ್ಲ.

ದೇವೀಂದ್ರಪ್ಪನವರ ಮನಸ್ಸು ಮಾತ್ರ ಇನ್ನೂ ಒಪ್ಪಲಿಲ್ಲ. "ದಂಡಿ ಮ್ಯಾಲಿನ ಆ ಹಾಸಗಲ್ಲಿನ ಮುಂದ ನಮಗ ನಡದ ಮಟ ನೀರಿತ್ತಲ್ಲ, ಅದೂ ಹೋಯ್ತೇನು? ನಾ ಮಕ್ಕಳನ್ನ ಅಲ್ಲೇ ಇಳಸೋನಿದ್ದೆ."

ನಬಿಸಾಬ್ ಬಾಳೆಗೊನೆಗೆ ಆಸರೆ ಕೊಡುವ ಉದ್ದನೆಯ ಬಿದಿರಿನ ಗಳ ತೆಗೆದುಕೊಂಡು ಮುಂದೆ ನಡೆದರು. ಕೆರೆ ಶಾಂತವಾಗಿತ್ತು. ನೋಡಿದರೆ ಯಾರಿಗೂ ಇಳಿಯಬೇಕು ಅನ್ನಿಸುವಂಥ ನೀರು. ಹಾಸಗಲ್ಲಿನಿಂದ ಹಿಂದಕ್ಕೆ ಗಟ್ಟಿ ನೆಲದ ಮೇಲೆ ನಿಂತು ನಬಿಸಾಬ್ ಗಳವನ್ನು ಕಲ್ಲಿನಾಚೆ ನೀರಿಗಿಳಿಸಿದರು. ಅದು ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಅವರ ಮುಷ್ಟಿಯಲ್ಲಿ ಗಳದ ತುದಿಯಷ್ಟೇ ಉಳಿಯಿತು. ಎಳೆದು ತೆಗೆದಾಗ ಬಿದಿರಿಗೆ ಕರಿ ರಾಡಿ ಮೆತ್ತಿತ್ತು.

ದೇವೀಂದ್ರಪ್ಪ ಅಲ್ಲೇ ಕುಸಿದು ಕೂತರು. ಸಣ್ಣ ಮೊಮ್ಮಗಳು ಅವರ ಎದೆಯ ಎತ್ತರಕ್ಕೂ ಇಲ್ಲ. ಅದರ ಕೈ ಹಿಡಿದು, ಬಾ ಮಗಾ, ಹೆದರಬೇಡ ಎಂದು ತಾವೇ ಈ ನೀರಿಗೆ ಕರೆಯುವವರಿದ್ದರು.

"ಮೃದುಲಾ, ಈಗೇನು ಮಾಡಬೇಕು, ನೀನೇ ಹೇಳವ್ವ," ಎಂದರು.

"ಹಬ್ಬ ಬಿಡೋದು ಬ್ಯಾಡ, ಕಾಕಾ. ಟೆಂಟ್ ನಿಮ್ಮ ತಮ್ಮನ ಹೊಲದಾಗೇ, ಆ ಕಡಿ ಅಂಚಿಗೆ ಹಾಕೂಣು. ನೀರಿಗೆ ದೂರ ಆಗ್ತದ, ಅವರ ಮನೀನೂ ಹತ್ತಿರ. ನೀರಿಗೆ ಯಾರೂ ಇಳಿಯಂಗಿಲ್ಲ, ದೊಡ್ಡವರೂ ಇಳಿಯಂಗಿಲ್ಲ. ಮಕ್ಕಳ ಮ್ಯಾಲೆ ಕಣ್ಣಿಡ್ಲಾಕ ಒಬ್ಬರು ಇರಬೇಕು. ಅವರ ಕೈಯಾಗ ಮೊಬೈಲೂ ಬ್ಯಾಡ, ಇಸ್ಪೀಟೂ ಬ್ಯಾಡ. ಎಲ್ಲರೂ ನೋಡ್ಲಾಕತ್ತಾರ ಅಂದ್ರ ಯಾರೂ ನೋಡಂಗಿಲ್ಲ."

ಆಕೆ ಅಲ್ಲಿಂದಲೇ ಅರಣ್ಯ ಇಲಾಖೆಯ ರಕ್ಷಕರಿಗೆ ಫೋನ್ ಹಚ್ಚಿದಳು. ಕೆರೆಯ ಆಚೆ ದಂಡೆ ಕಾಡಿಗೆ ಸೇರಿದ್ದು, ಅಲ್ಲಿ ಪರವಾನಗಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ ಎಂದು ಅವರು ತಿಳಿಸಿದರು. ದೇವೀಂದ್ರಪ್ಪ ಈ ಸಲ ನಗಲಿಲ್ಲ.

ಹಬ್ಬದ ದಿನ ಮೊಮ್ಮಕ್ಕಳು ಕೆರೆಗೆ ಹೋಗೋಣವೆಂದು ಹಟ ಹಿಡಿದರು. "ಅಜ್ಜಾ, ನೀ ಮಾತು ಕೊಟ್ಟಿದ್ದಿ!" ಎಂದು ದೊಡ್ಡವಳು ಅತ್ತಳು. ದೇವೀಂದ್ರಪ್ಪ ಇಬ್ಬರನ್ನೂ ಹತ್ತಿರ ಕೂಡಿಸಿಕೊಂಡು, "ಕೊಟ್ಟಿದ್ದೆ, ಮಗಾ. ನೋಡಲಾರದೇ ಕೊಟ್ಟಿದ್ದೆ, ತಪ್ಪು ನಂದು. ಈಜು ಶಹರದಾಗ ಕಲಿಸೋರ ಹತ್ರಾನೇ ಕಲೀರಿ. ನಾನೂ ಸಂಗಾಟ ಬರ್ತೀನಿ," ಎಂದರು. ಮಕ್ಕಳು ಒಂದಷ್ಟು ಹೊತ್ತು ಮುನಿಸಿಕೊಂಡರು. ಆಮೇಲೆ ಹೊಲದಲ್ಲಿ ಓಡಾಡಿ, ಹೋಳಿಗೆ ತಿಂದು, ಟೆಂಟಿನಲ್ಲಿ ಗಡದ್ದಾಗಿ ನಿದ್ದೆ ಮಾಡಿದರು. ಮರುದಿನ ಎಲ್ಲರೂ ಕೂಡಿ ಎಲೆ, ಪ್ಲಾಸ್ಟಿಕ್ ಎಲ್ಲಾ ಚೀಲಕ್ಕೆ ತುಂಬಿಕೊಂಡು ಗಾಡಿ ಹತ್ತಿದರು.

ಓದುವವರೇ, ಕೇಳುವವರೇ, ನೀವೂ ಹೋಗಿ. ಕೆರೆ ನೋಡಿ, ಕಾಡು ನೋಡಿ, ಮಕ್ಕಳಿಗೂ ತೋರಿಸಿ. ಆದರೆ ಹೋಗುವ ಮುಂಚೆ ಜಾಗ ನೋಡಿಕೊಂಡು ಬನ್ನಿ. ಕಾಡಿನ ಜಾಗವಾದರೆ ಪರವಾನಗಿ ತೆಗೆದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ನಮ್ಮೂರ ಕೆರೆ, ನನಗೆ ಗೊತ್ತು ಎಂದು ಮಾತ್ರ ಇಳಿಯಬೇಡಿ. ನಿಮಗೆ ಗೊತ್ತಿರುವ ಕೆರೆ ಹಳೆಯದು, ಈಗ ಅಲ್ಲಿರುವ ನೀರಿನ ತಳ ಬೇರೆ. ಜೊತೆಗೊಂದು ಉದ್ದನೆಯ ಹಗ್ಗ ಇರಲಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಜಿಗಿಯಬೇಡಿ. ದಂಡೆಯ ಗಟ್ಟಿ ನೆಲದ ಮೇಲಿಂದಲೇ ಹಗ್ಗವನ್ನೋ ಮುಚ್ಚಳ ಬಿಗಿದ, ತೇಲುವ ಖಾಲಿ ಡಬ್ಬಿಯನ್ನೋ ಎಸೆಯಿರಿ, ಗಳ ಚಾಚಿ, ಜನರನ್ನು ಕೂಗಿ, ೧೧೨ಕ್ಕೆ ಫೋನ್ ಮಾಡಿ. ಮನೆಯಿಂದ ಎಷ್ಟು ಜನ ಹೊರಟಿರೋ, ಅಷ್ಟೂ ಜನ ಮನೆಗೆ ಬನ್ನಿ.