ಯಾರು ಕಳಿಸಿದ್ದು?

ನಮ್ಮ ಭಾವನವರ ಕೈಗೆ ಏನು ಕೊಟ್ಟರೂ, ಅದು ಔಷಧಿ ಬಾಟಲಿಯಾಗಲಿ, ಮದುವೆಯ ಕರೆಯೋಲೆಯಾಗಲಿ, ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದರು, ಆಮೇಲೆ ಕನ್ನಡಕದ ಮೇಲಿಂದ ನಮ್ಮ ಮುಖ ನೋಡಿ, "ಯಾರು ಕಳಿಸಿದ್ದು?" ಎನ್ನುತ್ತಿದ್ದರು. ಹೊರಗೆ ಹೊರಟರೂ ಅಷ್ಟೆ, ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ, ಹಾಕಿದ ಬೀಗವನ್ನು ಮತ್ತೊಮ್ಮೆ ಜಗ್ಗಿ ಬರುವವರು. "ನನ್ನನ್ನೂ ಸ್ಕ್ಯಾನ್ ಮಾಡಿಯೇ ಮದುವೆಯಾಗಿದ್ದು ಕಣೇ," ಎಂದು ನಮ್ಮಕ್ಕ ಬದುಕಿದ್ದಷ್ಟು ದಿನವೂ ನಗುತ್ತಿದ್ದಳು.

ಒಂದು ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಯಾರೋ ಒಬ್ಬರು ಇಮೇಲಿನ ಜೊತೆ ಬಂದದ್ದನ್ನು ಹಿಂದುಮುಂದು ನೋಡದೆ ತೆರೆದು, ಇಡೀ ಕಚೇರಿಯ ಫೈಲುಗಳಿಗೆ ಒಂದು ಬೆಳಿಗ್ಗೆ ಬೀಗ ಬಿದ್ದಿತ್ತಂತೆ. ಆ ಬೆಳಗಿನ ಭಯ ಅವರ ಮೈಯಿಂದ ಇಳಿಯಲೇ ಇಲ್ಲ. ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ. ಇವನ್ನೆಲ್ಲ ಅವರ ಮಾತು ಕೇಳಿ ಕೇಳಿಯೇ ಕಲಿತದ್ದು.

"ವಿಂಡೋಸ್ ಅಂದ್ರೆ ಪೇಟೆ ಬೀದಿ ಮನೆ ಕಣಮ್ಮ, ಹೋಗಿಬರೋರೆಲ್ಲ ಬಾಗಿಲು ತಟ್ತಾರೆ. ಮ್ಯಾಕ್‌ಗೆ ಕಾವಲುಗಾರ ಇದಾನೆ, ಅವನು ತೂಕಡಿಸಲ್ಲ ಅಂತ ಬರೆದುಕೊಡೋರು ಯಾರು? ಲಿನಕ್ಸ್ ಊರಾಚೆ ಒಂಟಿ ಮನೆ. ಕಳ್ಳರು ಅಷ್ಟು ದೂರ ಬರೋದು ಕಡಿಮೆ."

"ನೆಂಟರು?" ಎಂದೆ.

"ಅವರೂ ಕಡಿಮೆ," ಎಂದು ನಕ್ಕರು.

ಅಕ್ಕ ತೀರಿಕೊಂಡ ಮೇಲೆ ಮಗಳು ತಾನು ಮೆಚ್ಚಿದವನನ್ನು ಮನೆಗೆ ಕರೆತಂದಳು. ಭಾವ ಅವನನ್ನೂ ಹಾಗೆಯೇ ತಿರುಗಿಸಿ ನೋಡಿದರು: ಅವನ ಕಚೇರಿಯವರು, ಬಾಡಿಗೆ ಮನೆಯ ಮಾಲೀಕ, ಹಳೆಯ ಸ್ನೇಹಿತರು, ಯಾರನ್ನೂ ವಿಚಾರಿಸದೆ ಬಿಡಲಿಲ್ಲ. "ಮನುಷ್ಯರನ್ನೂ ವೈರಸ್ ಅಂತಲೇ ನೋಡ್ತೀರಲ್ಲಪ್ಪ," ಎಂದು ಅವನನ್ನೇ ಮದುವೆಯಾಗಿ ಹೋದವಳು ಮತ್ತೆ ಅಪ್ಪನೊಡನೆ ಮಾತಾಡಲಿಲ್ಲ. ವರ್ಷಗಳ ಮೇಲೆ, ಗುರುತಿಲ್ಲದ ನಂಬರಿನಿಂದ "ಅಪ್ಪಾ, ಇದನ್ನೊಮ್ಮೆ ನೋಡಿ" ಎಂಬ ಸಾಲೂ ಅದರ ಕೆಳಗೊಂದು ಲಿಂಕೂ ಬಂದವು. ಮೋಸಗಾರರು ಬರೆಯುವುದೂ ಹೀಗೆಯೇ. ಭಾವ ಅದನ್ನು ಅಳಿಸಿ, ನಂಬರನ್ನು ಬ್ಲಾಕ್ ಮಾಡಿದರು. ಆ ಲಿಂಕಿನ ಹಿಂದಿದ್ದದ್ದು ಮೊಮ್ಮಗಳ ಫೋಟೋಗಳು.

"ಅಪ್ಪ ನನ್ನನ್ನ ಬ್ಲಾಕ್ ಮಾಡಿದಾರೆ ಚಿಕ್ಕಮ್ಮ," ಎಂದು ಅವಳು ನನಗೆ ಫೋನ್ ಮಾಡಿದಾಗಲೇ ವಿಷಯ ತಿಳಿದದ್ದು.

"ಕೋಪ ಅಲ್ಲ ಕಣೇ, ಅವರ ಅಭ್ಯಾಸ."

"ಇರಬಹುದು. ಆ ನಂಬರ್ ಬಿಟ್ಟೆ. ಹೊಸದನ್ನ ಅವರಿಗೆ ಕೊಡಬೇಡ. ಮನಸ್ಸಾದಾಗ ನಾನೇ ಮಾಡ್ತೀನಿ."

ಹಾಗೆಯೇ ಭಾವನವರಿಗೆ ಹೇಳಿದೆ. ಅವರು ನಂಬರು ಕೇಳಲಿಲ್ಲ. "ಮಗು ಯಾರ ಹಾಗಿದೆಯಂತೆ?" ಎಂದರು, ಅಷ್ಟೆ.

ಅವರ ಹಳೆಯ ಫೋನಿಗೆ ಅಪ್‌ಡೇಟ್ ಬರುವುದು ನಿಂತಿತ್ತು. ಹೊಸದು ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. ಐಫೋನೋ ಆಂಡ್ರಾಯ್ಡೋ, ಅಪ್‌ಡೇಟ್ ಎಷ್ಟು ವರ್ಷ, ಹೊರಗಿನ ಆ್ಯಪ್‌ಗಳನ್ನು ಒಳಗೆ ಬಿಡುತ್ತದೋ ಇಲ್ಲವೋ ಎಂದು ಅಂಗಡಿಯ ಹುಡುಗಿಗೆ ಬೆವರಿಳಿಯುವವರೆಗೂ ಕೇಳಿದರು. ಕೊನೆಗೆ ಅವಳು ಒಂದು ಫೋನನ್ನು ಮುಂದಿಟ್ಟು, "ಅಂಕಲ್, ಗೊತ್ತಿಲ್ಲದ ನಂಬರ್ ಬಂದ್ರೆ ಇದು ರಿಂಗೇ ಆಗಲ್ಲ. ಯಾರು, ಯಾಕೆ ಅಂತ ಇದೇ ವಿಚಾರಿಸುತ್ತೆ," ಎಂದಳು. ಆಯುಷ್ಯವಿಡೀ ಬೇಡಿದ ವರವೇ ಗಾಜಿನ ಮೇಲೆ ಬಂದು ಕೂತಂತಿತ್ತು. ಭಾವ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

"ಇದು ಬೇಡಮ್ಮ. ಯಾರು ಮಾಡಿದ್ರೂ ರಿಂಗ್ ಆಗೋದು ಕೊಡು."

"ಬೇಡಾಂದ್ರೆ ಅದನ್ನ ಆಫ್ ಮಾಡಬಹುದು ಅಂಕಲ್."

"ಅಪ್‌ಡೇಟ್ ಆದಾಗ ತಾನೇ ಆನ್ ಆಗಿಬಿಟ್ರೆ?"

ಈಗ ಸಾಲ ಕೊಡುವವರು, ಸೈಟು ಮಾರುವವರು, ವಿಮೆಯವರು, ಯಾರ ಕರೆ ಬಂದರೂ ಭಾವನವರ ಮೊದಲ ಮಾತು "ಹೇಳಮ್ಮ". ಆ ಕಡೆಯಿಂದ ಗಂಡು ದನಿ ಬಂದರೆ, ಪೂರ್ತಿ ಕೇಳಿಸಿಕೊಂಡು, "ಬೇಡಪ್ಪ" ಎಂದು ಮೆಲ್ಲಗೆ ಇಡುತ್ತಾರೆ. ಅವರ ಮಗಳಿಗೆ ಕೊಟ್ಟ ಮಾತು ನನ್ನ ನಾಲಿಗೆ ಕಟ್ಟಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅವಳ ಹೊಸ ನಂಬರನ್ನು ದೇವರ ಮುಂದೆ ಹೇಳುತ್ತೇನೆ.

ಬಾಗಿಲು ಕಾಯುವ ಜನರನ್ನು ನಾವು ಕಲ್ಲುಹೃದಯದವರೆಂದುಕೊಳ್ಳುತ್ತೇವೆ. ಒಳಗೆ ಕಳೆದುಕೊಳ್ಳಲಾರದ್ದೊಂದು ಇದ್ದುದರಿಂದಲೇ ಅವರು ಅಷ್ಟು ಕಾದದ್ದು. ಅದೇ ಹೊರಗೆ ಹೊರಟುಹೋದ ಮೇಲೆ ಅಂಥವರು ಅಗುಳಿ ತೆಗೆದು ಕೂರುತ್ತಾರೆ, ಯಾವ ಕಳ್ಳ ಬಂದರೂ ಬರಲಿ ಎಂದು.